ಓದುಗರ ಪ್ರಶ್ನೆ: ತೀರಿಹೋದ ಅಜ್ಜಿಗೆ ಊಟ ಹಾಕಲು ಹೋದ ಗರಿಫುನಾ ಗೆಳತಿ

ಹೋದ ಸಂಚಿಕೆಯಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ನಾನು ನರ್ಸ್ ಆಗಿದ್ದ 19 ವರ್ಷಗಳ ಬಗ್ಗೆ ಬರೆದಿದ್ದೆ. ನನ್ನ ಜೊತೆ ನೈಟ್ ಡ್ಯೂಟಿ ಮಾಡುತ್ತಿದ್ದ ಗೆಳತಿಯೊಬ್ಬಳು ಗರಿಫುನಾ ಜನದವಳು, ತೀರಿಹೋದ ಅಜ್ಜಿಗೆ ಊಟ ಹಾಕಲು ಮಧ್ಯ ಅಮೆರಿಕದ ಬೆಲೀಜ್ ದೇಶಕ್ಕೆ ಹೋಗಿದ್ದಳು ಅಂತ ಅದರಲ್ಲಿ ಎರಡೇ ಸಾಲು ಇತ್ತು. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಎರಡು ಸಾಲಿನ ಬಗ್ಗೆಯೇ. ಅದಕ್ಕೆ ಈ ಸಲದ ಅಂಕಣ ಪೂರ್ತಿ ಅವರಿಗೆ.

ಗರಿಫುನಾ ಅಂದರೆ ಆಫ್ರಿಕಾದವರಾ, ಅಮೆರಿಕದ ಮೂಲನಿವಾಸಿಗಳಾ? ಒಂದೊಂದು ಕಡೆ ಒಂದೊಂದು ಥರ ಬರೆದಿದ್ದಾರೆ. — ಪದವಿ ವಿದ್ಯಾರ್ಥಿನಿ, ಚಿಕ್ಕಮಗಳೂರು

ಇದೇ ಪ್ರಶ್ನೆಯನ್ನು ನಾನೂ ಗೆಳತಿಗೆ ಕೇಳಿದ್ದೆ. "ನಾನು ಗರಿಫುನಾ" ಅಂದಳು. "ಅದಲ್ಲ, ಮೂಲದಲ್ಲಿ?" ಅಂದೆ. "ಮೂಲದಲ್ಲೂ ಗರಿಫುನಾ" ಅಂದಳು. ಆಮೇಲೆ ನಾನು ಹಾಗೆ ಕೇಳುವುದನ್ನು ಬಿಟ್ಟೆ.

ಆದರೆ ನಿಮಗೆ ಚರಿತ್ರೆ ಬೇಕು. ಹೇಳುತ್ತೇನೆ. ಕೆರಿಬಿಯನ್ ಕಡಲಿನಲ್ಲಿ ಸೇಂಟ್ ವಿನ್ಸೆಂಟ್ ಅಂತ ಒಂದು ಸಣ್ಣ ದ್ವೀಪ. ಗರಿಫುನಾಗಳು ಅದನ್ನು ಯುರುಮೇನ್ ಎನ್ನುತ್ತಾರೆ. ಅಲ್ಲಿ ಮೊದಲಿಂದ ಇದ್ದವರು ಅರವಾಕ್ ಮತ್ತು ಕರಿಬ್ ಜನ. 1635ರಲ್ಲಿ ಗುಲಾಮರನ್ನು ತುಂಬಿಕೊಂಡು ಹೋಗುತ್ತಿದ್ದ ಹಡಗುಗಳು ಅಲ್ಲಿ ಒಡೆದವು, ಬದುಕಿ ಈಜಿ ಬಂದ ಆಫ್ರಿಕನ್ನರು ದಡ ಸೇರಿದರು ಅಂತ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಪಕ್ಕದ ಬಾರ್ಬಡೋಸ್‌ನ ಕಬ್ಬಿನ ತೋಟಗಳಿಂದ ತಪ್ಪಿಸಿಕೊಂಡು ಬಂದವರೂ ಇದ್ದರು. ಅಲ್ಲಿ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ. ಬಾರ್ಬಡೋಸ್‌ನಲ್ಲಿ ತೆಪ್ಪ ನೀರಿಗಿಳಿಸಿದರೆ ಗಾಳಿಯೇ ಸೇಂಟ್ ವಿನ್ಸೆಂಟ್ ಕಡೆ ತಳ್ಳುತ್ತದೆ. ಹಾಗೆ ಬಂದವರು ಅಲ್ಲಿಯ ಜನರ ಜೊತೆ ಸಂಸಾರ ಮಾಡಿದರು, ಅಲ್ಲಿಯ ಭಾಷೆ ಆಡಿದರು, ಅಲ್ಲಿಯ ಮರಗೆಣಸು ತಿಂದರು. ಒಂದೆರಡು ತಲೆಮಾರಿನಲ್ಲಿ ಒಂದೇ ಜನ ಆದರು. ಒಬ್ಬನಾದರೆ ಗರಿಫುನಾ, ತುಂಬ ಜನರಾದರೆ ಗರಿನಾಗು.

1763ರಲ್ಲಿ ಬ್ರಿಟಿಷರು ಆ ದ್ವೀಪ ತಮ್ಮದು ಅಂದರು. ಅವರಿಗೆ ಕಬ್ಬು ಬೆಳೆಯಲು ಒಳ್ಳೆಯ ಮಣ್ಣು ಬೇಕಿತ್ತು. ಆ ಮಣ್ಣು ಈ ಜನರ ಕೈಯಲ್ಲಿತ್ತು. ಎರಡು ಯುದ್ಧಗಳಾದವು. ನಾಯಕ ಜೋಸೆಫ್ ಚಾಟೊಯರ್ 1795ರ ಮಾರ್ಚ್ 14ರಂದು ಸತ್ತ. ಇವತ್ತು ಸೇಂಟ್ ವಿನ್ಸೆಂಟ್‌ನ ರಾಷ್ಟ್ರೀಯ ವೀರ ಅವನೇ, 2002ರಲ್ಲಿ ಆ ಗೌರವ ಕೊಟ್ಟರು. ಸೋತ ಮೇಲೆ ಸುಮಾರು 5,000 ಜನರನ್ನು ಹಿಡಿದು ಬಾಲಿಸೋ ಅನ್ನುವ ಒಣ ನಡುಗಡ್ಡೆಯಲ್ಲಿ ಕೂಡಿಹಾಕಿದರು. ಕುಡಿಯುವ ನೀರಿಗೂ ತತ್ವಾರ. ಕೆಲವೇ ತಿಂಗಳಲ್ಲಿ ಹತ್ತಿರ ಹತ್ತಿರ ಅರ್ಧ ಜನ ರೋಗ ಬಂದು ಸತ್ತರು. ಉಳಿದವರನ್ನು ಹಡಗಿಗೆ ತುಂಬಿ, ಹೊಂಡುರಾಸ್ ಎದುರಿನ ರೊವಾಟಾನ್ ದ್ವೀಪದಲ್ಲಿ ಇಳಿಸಿದರು. ಅದು 1797ರ ಏಪ್ರಿಲ್ 12. ಇಳಿದವರು ಎರಡು ಸಾವಿರದ ಆಸುಪಾಸು.

ಇನ್ನೊಂದು ಮಾತು ನನ್ನನ್ನು ಬಹಳ ಕಾಡಿದೆ. ಯಾರನ್ನು ಗಡೀಪಾರು ಮಾಡಬೇಕು, ಯಾರನ್ನು ಬಿಡಬೇಕು ಅಂತ ಬ್ರಿಟಿಷರು ಚರ್ಮದ ಬಣ್ಣ ನೋಡಿ ಆರಿಸಿದರು. ಕಪ್ಪಗಿದ್ದವರಿಗೆ ಕಪ್ಪು ಕರಿಬ್, ತಿಳಿ ಬಣ್ಣದವರಿಗೆ ಹಳದಿ ಕರಿಬ್ ಅಂತ ಹೆಸರಿಟ್ಟರು. ಕಪ್ಪಗಿದ್ದವರನ್ನು ಹಡಗಿಗೆ ಹತ್ತಿಸಿದರು, ತಿಳಿ ಬಣ್ಣದವರನ್ನು ಅಲ್ಲೇ ಬಿಟ್ಟರು. ಒಂದೇ ಜನ, ಒಂದೇ ಭಾಷೆ. "ನೀವು ಮೂಲದಲ್ಲಿ ಯಾರು?" ಅನ್ನುವ ನಮ್ಮ ಪ್ರಶ್ನೆ ಕೇಳಿದಾಗ ಅವರ ಮುಖ ಯಾಕೆ ಬಿಗಿಯಾಗುತ್ತದೆ ಅಂತ ನನಗೆ ಅದನ್ನು ತಿಳಿದ ಮೇಲೆ ಅರ್ಥವಾಯಿತು.

ರೊವಾಟಾನ್‌ನಿಂದ ಹೊಂಡುರಾಸ್ ಕರಾವಳಿಗೆ, ಅಲ್ಲಿಂದ ದೋಣಿಗಳಲ್ಲಿ ಗ್ವಾಟೆಮಾಲ, ಬೆಲೀಜ್, ನಿಕರಾಗುವಾ ಕರಾವಳಿಗಳಿಗೆ ಹರಡಿದರು. ಬೆಲೀಜ್‌ನಲ್ಲಿ ನವೆಂಬರ್ 19 ಗರಿಫುನಾ ನೆಲೆಸಿದ ದಿನ, ಇಡೀ ದೇಶಕ್ಕೆ ರಜೆ. 1941ರಲ್ಲಿ ಥಾಮಸ್ ವಿನ್ಸೆಂಟ್ ರಾಮೋಸ್ ಅನ್ನುವವರು ಅದನ್ನು ಶುರುಮಾಡಿದರು. ಆ ದಿನ ಬೆಳಗಾಗುವ ಹೊತ್ತಿಗೆ ಡೋಲು, ಬಾಳೆ ಎಲೆ, ಮರಗೆಣಸು ತುಂಬಿಕೊಂಡು ದೋಣಿಗಳು ದಡಕ್ಕೆ ಬರುತ್ತವೆ. ಅಜ್ಜ ಅಜ್ಜಿಯರು ಬಂದ ಹಾಗೆಯೇ ಮತ್ತೆ ಬಂದು ಇಳಿಯುತ್ತಾರೆ.

ಅವರ ಮರಗೆಣಸಿನ ರೊಟ್ಟಿ ಮನೆಯಲ್ಲಿ ಮಾಡಬಹುದಾ? — ಗೃಹಿಣಿ, ಕುಂದಾಪುರ

ಅದರ ಹೆಸರು ಎರೆಬ. ದಯವಿಟ್ಟು ಸುಮ್ನೆ ನೋಡೋಣ ಅಂತ ಮಾಡಲು ಹೋಗಬೇಡಿ. ಅವರು ಬಳಸುವುದು ಕಹಿ ಮರಗೆಣಸು. ಅದರ ರಸದಲ್ಲಿ ಸಯನೈಡ್ ವಿಷ ಇರುತ್ತದೆ. ಸಿಪ್ಪೆ ತೆಗೆದು, ಚೂಪು ಕಲ್ಲು ಕೂರಿಸಿದ ಮರದ ಮಣೆ ಮೇಲೆ ತುರಿದು, ಆ ತುರಿಯನ್ನು ರುಗುಮ ಅನ್ನುವ ಉದ್ದನೆಯ ಹೆಣೆದ ಚೀಲಕ್ಕೆ ತುಂಬಿ ಮರದ ಕೊಂಬೆಗೆ ತೂಗುಹಾಕುತ್ತಾರೆ. ಕೆಳಗೆ ಭಾರ ಕಟ್ಟುತ್ತಾರೆ. ಚೀಲ ಜಗ್ಗಿ ಸಪೂರವಾದ ಹಾಗೆ ರಸ ಸೋರಿಹೋಗುತ್ತದೆ. ಮರುದಿನ ಒಣ ಹಿಟ್ಟನ್ನು ಜರಡಿ ಹಿಡಿದು ದೊಡ್ಡ ಕಾವಲಿಯ ಮೇಲೆ ಸುಡುತ್ತಾರೆ. ನಮ್ಮ ಹಪ್ಪಳಕ್ಕಿಂತ ದಪ್ಪ, ಗಟ್ಟಿ, ತಿಂಗಳುಗಟ್ಟಲೆ ಕೆಡುವುದಿಲ್ಲ. ಕೈ ಪಳಗಿದವರ ಕೆಲಸ ಅದು.

ಮಾಡಬೇಕೆಂಬ ಆಸೆ ಇದ್ದರೆ ಹುದುತ್ ಮಾಡಿ. ಮೀನನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ, ಬೆಂದ ಬಾಳೆಕಾಯಿಯನ್ನು ಒನಕೆಯಲ್ಲಿ ಕುಟ್ಟಿ ಮುದ್ದೆ ಮಾಡಿ ಜೊತೆಗೆ ತಿನ್ನುವುದು. ಕುಂದಾಪುರದವರಿಗೆ ಮೀನು, ತೆಂಗಿನ ಹಾಲು ನಾನು ಹೇಳಿಕೊಡಬೇಕಾ!

ಇಗರ್ಜಿಗೂ ಹೋಗುತ್ತಾರೆ, ಸತ್ತವರಿಗೆ ಊಟವನ್ನೂ ಹಾಕುತ್ತಾರೆ ಅಂದಿರಿ. ಇದು ಕರಾವಳಿಯ ಭೂತಾರಾಧನೆ ಥರವಾ? ಪಾದ್ರಿಗಳು ಒಪ್ಪುತ್ತಾರಾ? ನೀವು ಕ್ರೈಸ್ತರಾಗಿ ಇದನ್ನು ಹೇಗೆ ನೋಡುತ್ತೀರಿ? — ಓದುಗರು, ಮೈಸೂರು

ನಾನು ಶಿರ್ವ ಕಡೆಯ ಕೊಂಕಣಿ ಕ್ರೈಸ್ತಳು. ಭೂತದ ಕೋಲ ನೋಡುತ್ತಾ ಬೆಳೆದವಳು. ಡೋಲಿನ ಸದ್ದು, ಮೈಮೇಲೆ ಬರುವುದು, ಇವು ಎರಡೂ ಕಡೆ ಇವೆ, ನಿಜ. ಆದರೆ ಎರಡನ್ನೂ ಒಂದೇ ಅನ್ನಬೇಡಿ. ಅಲ್ಲಿ ಬರುವುದು ಊರು ಕಾಯುವ ದೈವ ಅಲ್ಲ. ಆ ಮನೆಯ ಅಜ್ಜಿ, ಆ ಮನೆಯ ಮುತ್ತಜ್ಜ. ಅವರನ್ನು ಗುಬಿದ ಎನ್ನುತ್ತಾರೆ.

ನನ್ನ ಗೆಳತಿ ಪ್ರತಿ ಭಾನುವಾರ ಇಗರ್ಜಿಯ ಪೂಜೆಗೆ ಬರುತ್ತಿದ್ದಳು. ಯೂನಿಫಾರಂ ಕಿಸೆಯಲ್ಲಿ ಜಪಸರ ಇರುತ್ತಿತ್ತು. 2008ರಲ್ಲಿ ಅವಳಿಗೆ ವಿಪರೀತ ತಲೆನೋವು ಶುರುವಾಯಿತು. ಸ್ಕ್ಯಾನ್ ಆಯಿತು, ರಕ್ತ ಪರೀಕ್ಷೆ ಆಯಿತು. ಬಿಪಿ ಸ್ವಲ್ಪ ಜಾಸ್ತಿ ಇತ್ತು, ಮಾತ್ರೆ ಕೊಟ್ಟರು, ಬಿಪಿ ಇಳಿಯಿತು. ತಲೆನೋವು ಹೋಗಲಿಲ್ಲ. ಅಷ್ಟರಲ್ಲಿ ಊರಿಂದ ಅವಳ ಅಮ್ಮ ಫೋನ್ ಮಾಡಿದರು. ಅಜ್ಜಿ ಕನಸಿಗೆ ಬಂದು ಹಸಿವು ಅಂದಳಂತೆ. ಒಮ್ಮೆ ಅಲ್ಲ, ಮೂರು ಸಲ.

ಅವರ ಕಡೆ ಹೀಗಾದರೆ ಬುಯೆಯ್ ಹತ್ತಿರ ಹೋಗುತ್ತಾರೆ. ಬುಯೆಯ್ ಅಂದರೆ ಹಿರಿಯರ ಜೊತೆ ಮಾತಾಡಬಲ್ಲವರು, ಗಂಡಸೂ ಆಗಬಹುದು, ಹೆಂಗಸೂ ಆಗಬಹುದು. ತೀರಿಹೋದವರು ಏನು ಕೇಳುತ್ತಿದ್ದಾರೆ ಅಂತ ಅವರು ತಿಳಿಸುತ್ತಾರೆ. ಕೆಲವೊಮ್ಮೆ ಸ್ನಾನಕ್ಕೆ ನೀರು ಕೇಳುತ್ತಾರೆ. ಕೆಲವೊಮ್ಮೆ ಒಂದು ದಿನದ ಊಟ, ಅದಕ್ಕೆ ಚುಗು ಅಂತ ಹೆಸರು. ಎಲ್ಲಕ್ಕಿಂತ ದೊಡ್ಡದು ಡುಗು. ಹಲವು ದಿನಗಳದ್ದು. ಗೆಳತಿಯ ಅಜ್ಜಿ ಡುಗು ಕೇಳಿದ್ದಳು. ತಯಾರಿಗೆ ಒಂದು ವರ್ಷದ ಮೇಲಾಯಿತು. ಬ್ರಾಂಕ್ಸ್, ಚಿಕಾಗೋ, ಲಾಸ್ ಏಂಜಲೀಸ್‌ನಲ್ಲಿದ್ದ ನೆಂಟರೆಲ್ಲ ಹಣ ಕೂಡಿಹಾಕಿದರು. ಎಲ್ಲರೂ ಬರಲೇಬೇಕು. ಒಬ್ಬ ಮೊಮ್ಮಗ ಬಾರದಿದ್ದರೂ ಅಜ್ಜಿ ಕೇಳುತ್ತಾಳೆ.

ನಾವು ಕೆಲಸ ಮಾಡುತ್ತಿದ್ದ ಆಸ್ಪತ್ರೆ ರಜೆ ಕೊಡಲಿಲ್ಲ. ಸಾವಿನ ರಜೆ ಈಗ ಸತ್ತವರಿಗೆ ಮಾತ್ರ, ಅಜ್ಜಿ ಸತ್ತು 11 ವರ್ಷವಾಯಿತಲ್ಲ ಅಂದರು. ಗೆಳತಿ ವರ್ಷದ ರಜೆ ಪೂರ್ತಿ ಹಾಕಿ, ಸಾಲದ್ದಕ್ಕೆ ಸಂಬಳವಿಲ್ಲದ ರಜೆ ಹಾಕಿದಳು. "ನೀನೂ ಬಾ" ಅಂದಳು. 2009ರ ಆಗಸ್ಟ್‌ನಲ್ಲಿ ನಾನೂ ಹೋದೆ.

ಬೆಲೀಜ್ ಸಿಟಿಯಿಂದ ಬಸ್ಸಿನಲ್ಲಿ ದಂಗ್ರಿಗಾ ಅನ್ನುವ ಕಡಲೂರು. ಊರೊಳಗೆ ಹೋಗುವಾಗಲೇ ಮೂರು ದೊಡ್ಡ ಡೋಲುಗಳ ಸ್ಮಾರಕ ಎದುರಾಗುತ್ತದೆ. ಡುಗು ನಡೆಯುವ ಮನೆಗೆ ದಬುಯಾಬ ಎನ್ನುತ್ತಾರೆ. ಗರಿ ಹೊದಿಸಿದ ಉದ್ದನೆಯ ಮನೆ, ಬಾಗಿಲು ಕಡಲಿಗೆ. ಒಳಗೆ ಮಣ್ಣಿನ ನೆಲ, ಸಾಲಾಗಿ ಜೋಳಿಗೆ ಹಾಸಿಗೆಗಳು ತೂಗಾಡುತ್ತಿದ್ದವು. ಮನೆಯವರು ಕಿತ್ತಳೆ ಬಣ್ಣದ ಬಟ್ಟೆ ಉಟ್ಟಿದ್ದರು, ರಂಗುಮಾಲೆ ಬೀಜದ ಬಣ್ಣ.

ಕೆಲವು ದಿನ ಮೊದಲೇ ಮನೆಯ ಕೆಲವರು ದೋಣಿ ಹತ್ತಿ ಹೊರಗಿನ ನಡುಗಡ್ಡೆಗಳಿಗೆ ಹೋಗಿದ್ದರು. ಅಜ್ಜಿಯ ಊಟಕ್ಕೆ ಮೀನು, ಏಡಿ ಅವರೇ ಹಿಡಿದು ತರಬೇಕು. ಪೇಟೆಯಿಂದ ಕೊಂಡದ್ದು ಆಗುವುದಿಲ್ಲ. ಅವರು ಮುಂಜಾನೆ ವಾಪಸು ಬರುವಾಗ ಎಲ್ಲರೂ ದಡದಲ್ಲಿ ನಿಂತಿದ್ದೆವು. ಕತ್ತಲಲ್ಲಿ ಮೊದಲು ಹಾಡು ಕೇಳಿಸಿತು, ಆಮೇಲೆ ದೋಣಿ ಕಾಣಿಸಿತು. ಗೆಳತಿಯ ಅಮ್ಮ ಸೀದಾ ನೀರಿಗಿಳಿದರು, ಸೊಂಟದವರೆಗೆ. ದೋಣಿಯನ್ನು ಅಜ್ಜಿಯೇ ತಂದಳು ಅನ್ನುವ ಹಾಗೆ ಅಪ್ಪಿಕೊಂಡರು.

ಮೂರು ಡೋಲು. ನಡುವಿನದನ್ನು ಹೃದಯದ ಡೋಲು ಎನ್ನುತ್ತಾರೆ. ಹಗಲು ರಾತ್ರಿ ಕುಣಿತ, ಪಾದ ಎತ್ತದೆ ನೆಲಕ್ಕೆ ಉಜ್ಜಿ ಉಜ್ಜಿ ಮುಂದೆ ಹೋಗುವ ಕುಣಿತ. ನಡುವೆ ಡೋಲು ನಿಲ್ಲುತ್ತದೆ. ಹೆಂಗಸರು ಸಾಲಾಗಿ ನಿಂತು ಬೆರಳಿಗೆ ಬೆರಳು ಹೆಣೆದು ವಾದ್ಯವಿಲ್ಲದೆ ಹಾಡುತ್ತಾರೆ. ಒಂದು ಮಾತು ಮತ್ತೆ ಮತ್ತೆ ಬರುತ್ತದೆ: "ಅವ್ ಬುನ್, ಅಮುರು ನು." ನಾನು ನಿನಗೆ, ನೀನು ನನಗೆ. ಸತ್ತವರಿಗೂ ಇದ್ದವರಿಗೂ ಇರುವ ಲೆಕ್ಕ ಅಷ್ಟೇ. ಆಮೇಲೆ ಮೇಜು ತುಂಬ ಊಟ ಬಡಿಸಿದರು. ಎರೆಬ, ಮೀನು, ಕೋಳಿ, ಹಂದಿ ಮಾಂಸ, ರಮ್. ಹಿರಿಯರು ಉಂಡ ಮೇಲೆ ಉಳಿದವರಿಗೆ. ಹಿರಿಯರ ಪಾಲಿನಲ್ಲಿ ಒಂದಷ್ಟು ಕಡಲಿಗೆ ಹೋಯಿತು. ಇನ್ನು ಕೆಲವು ವಿಧಿಗಳಿಗೆ ನನ್ನನ್ನು ಕರೆಯಲಿಲ್ಲ. ಅದು ಮನೆಯವರಿಗೆ ಮಾತ್ರ, ಅದನ್ನು ಬರೆಯುವುದೂ ಇಲ್ಲ.

ಪಾದ್ರಿಗಳ ವಿಷಯ. ಇದು ಸೈತಾನನ ಪೂಜೆ ಅಂತ ಬೈದ ಕಾಲ ಬಹಳ ಉದ್ದ ಇತ್ತು. ಈಗ ಬೆಲೀಜ್‌ನಲ್ಲಿ ಗರಿಫುನಾ ಪಾದ್ರಿಗಳಿದ್ದಾರೆ, ಬಲಿಪೂಜೆಯೇ ಗರಿಫುನಾ ಭಾಷೆಯಲ್ಲಿ, ಡೋಲಿನ ಜೊತೆ ನಡೆಯುತ್ತದೆ. ಗೆಳತಿಯ ಮನೆಯವರು ಡುಗುವಿಗೆ ಮೊದಲು ಇಗರ್ಜಿಯಲ್ಲಿ ಅಜ್ಜಿಯ ಹೆಸರಿನಲ್ಲಿ ಪೂಜೆ ಕೊಟ್ಟರು. ಯಾರಾದರೂ ತೀರಿಕೊಂಡರೆ ಒಂಬತ್ತು ರಾತ್ರಿ ಪ್ರಾರ್ಥನೆ, ಒಂಬತ್ತನೇ ರಾತ್ರಿ ಬೆಳಗಾಗುವವರೆಗೆ ಹಾಡು, ಕುಣಿತ, ಕಥೆ. ಅವರಿಗೆ ಇದರಲ್ಲಿ ಎರಡು ಧರ್ಮ ಕಾಣುವುದಿಲ್ಲ.

ನನಗೆ ಮೊದಲ ದಿನ ಕಸಿವಿಸಿ ಆಗಿತ್ತು, ಸುಳ್ಳು ಹೇಳುವುದಿಲ್ಲ. ಕೈ ಕಿಸೆಯಲ್ಲಿದ್ದ ಜಪಸರದ ಮೇಲೆಯೇ ಇತ್ತು. ಎರಡನೇ ರಾತ್ರಿ ನಮ್ಮ ಮನೆ ನೆನಪಾಯಿತು. ನಮ್ಮಲ್ಲಿ ಮದುವೆಗೆ ಮುಂಚೆ ತೀರಿಹೋದ ಹಿರಿಯರ ನೆನಪಿಗೆ ಬಡವರನ್ನು ಕರೆದು ಊಟ ಹಾಕುತ್ತಾರೆ, ಭಿಕಾರ್‍ಯಾಂ ಜೆವಣ್ ಅಂತ. ನನ್ನ ಅಮ್ಮ ಆ ದಿನ ಯಾರಿಗೂ ಮೊದಲು ತಿನ್ನಲು ಬಿಡುತ್ತಿರಲಿಲ್ಲ. "ಅವರದ್ದಾಗಲಿ" ಅನ್ನುತ್ತಿದ್ದರು. "ಅವರು" ಅಂದರೆ ಎದುರು ಕೂತ ಬಡವರಾ, ತೀರಿಹೋದ ಅಜ್ಜನಾ, ನಾನು ಒಮ್ಮೆಯೂ ಕೇಳಿರಲಿಲ್ಲ. ನನ್ನ ನಂಬಿಕೆ ನನ್ನದೇ, ಬದಲಾಗಿಲ್ಲ. ಆದರೆ ಆ ರಾತ್ರಿಯಿಂದ ಡುಗುವನ್ನು ನಾನು ಮೂಢನಂಬಿಕೆ ಅಂತ ಕರೆದಿಲ್ಲ, ಕರೆಯುವವರನ್ನು ಸುಮ್ಮನೆ ಬಿಟ್ಟಿಲ್ಲ.

ತಲೆನೋವು? ಹೋಯಿತು. ಬಿಪಿ ಮಾತ್ರೆ ನಿಲ್ಲಿಸಬಾರದು ಅಂತ ನಾನು ಹಟ ಹಿಡಿದೆ, ಅವಳು ನಿಲ್ಲಿಸಲೂ ಇಲ್ಲ.

ಅವರ ಭಾಷೆ ಯಾವ ಕುಟುಂಬದ್ದು? — ನಿವೃತ್ತ ಶಿಕ್ಷಕರು, ಧಾರವಾಡ

ಆಫ್ರಿಕಾದ್ದಲ್ಲ, ಅರವಾಕ್ ಕುಟುಂಬದ್ದು. ಕರಿಬ್ ಭಾಷೆಯ ಮಾತುಗಳೂ ಸೇರಿವೆ. "ನಾನು" ಅನ್ನಲು ಗಂಡಸರಿಗೆ "ಅವ್", ಹೆಂಗಸರಿಗೆ "ನುಗುಯ" ಅನ್ನುವ ಭೇದ ಇದೆ. ಕರಿಬ್ ಗಂಡಸರು, ಅರವಾಕ್ ಹೆಂಗಸರು ಕೂಡಿದ ಕಾಲದ ಗುರುತು ಅದು ಅಂತ ಹಿರಿಯರ ವಿವರಣೆ. ಒಂದು, ಎರಡು, ಮೂರು ಅವರದೇ: ಅಬನ್, ಬಿಯಾಮ, ಉರುವ. ನಾಲ್ಕರಿಂದ ಮುಂದೆ ಫ್ರೆಂಚ್ ಎಣಿಕೆ, ಅವರ ನಾಲಗೆಗೆ ತಿರುಗಿದ್ದು. ಸೇಂಟ್ ವಿನ್ಸೆಂಟ್‌ನಲ್ಲಿ ಫ್ರೆಂಚರ ಜೊತೆ ವ್ಯಾಪಾರ, ಸ್ನೇಹ ಇತ್ತಲ್ಲ.

ಭಾಷೆ ಸೊರಗುತ್ತಿದೆ. ಹುಟ್ಟಿದ ದ್ವೀಪದಲ್ಲೇ ಅದು ಅಳಿದುಹೋಗಿದೆ. ಬೆಲೀಜ್‌ನ ಹಾಡುಗಾರ ಆಂಡಿ ಪಲಾಸಿಯೋ 1980ರಲ್ಲಿ ನಿಕರಾಗುವಾದಲ್ಲಿ ಅಕ್ಷರ ಕಲಿಸಲು ಹೋಗಿದ್ದಾಗ, ಅಲ್ಲಿಯ ಗರಿಫುನಾ ಊರಿನಲ್ಲಿ ಮುದುಕರು ಬಿಟ್ಟರೆ ಯಾರೂ ಭಾಷೆ ಆಡದ್ದನ್ನು ಕಂಡರು. ಆಮೇಲೆ ಬದುಕಿಡೀ ಗರಿಫುನಾದಲ್ಲಿ ಹಾಡಿದರು. 2008ರಲ್ಲಿ ತೀರಿಕೊಂಡರು. 2001ರಲ್ಲಿ ಯುನೆಸ್ಕೋ ಈ ಭಾಷೆ, ಕುಣಿತ, ಸಂಗೀತವನ್ನು ಮನುಕುಲದ ಆಸ್ತಿ ಅಂತ ಸಾರಿತು. ದಂಗ್ರಿಗಾದಲ್ಲಿ ಗುಲಿಸಿ ಅನ್ನುವ ಶಾಲೆಯಲ್ಲಿ ಮಕ್ಕಳಿಗೆ ಗರಿಫುನಾ ಕಲಿಸುತ್ತಾರೆ. ಆದರೆ ನನ್ನ ಗೆಳತಿ ಬ್ರಾಂಕ್ಸ್‌ನ ಮನೆಯಲ್ಲಿ ಗರಿಫುನಾದಲ್ಲಿ ಕೇಳಿದರೆ ಮಗ ಇಂಗ್ಲಿಷ್‌ನಲ್ಲಿ ಉತ್ತರ ಕೊಡುತ್ತಾನೆ. ನಿಮ್ಮ ಮೊಮ್ಮಕ್ಕಳೂ ಬೆಂಗಳೂರಿನಲ್ಲಿ ಹಾಗೇ ಅಂತ ನೀವೇ ಪತ್ರದಲ್ಲಿ ಬರೆದಿದ್ದೀರಿ, ಮೇಷ್ಟ್ರೇ.

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಆ ಜನಕ್ಕೆ ಏನು ಬೇಕು? ಬಟ್ಟೆ, ಹಣ ಕಳಿಸಬಹುದಾ? — ಓದುಗರು. ಅವರಿಗಾಗಿ ನಾವು ಏನು ಪ್ರಾರ್ಥಿಸಬೇಕು? — ಇಗರ್ಜಿಯ ಯುವಜನರು, ಮಂಗಳೂರು

ಎರಡು ಪತ್ರಕ್ಕೂ ಒಂದೇ ಉತ್ತರ: ನೆಲ.

ಮೇಲೆ ಡುಗುವಿನ ಬಗ್ಗೆ ಅಷ್ಟು ಉದ್ದ ಬರೆದದ್ದು ಇದಕ್ಕೇ. ದಬುಯಾಬ ಕಡಲಿಗೆ ಮುಖ ಮಾಡಬೇಕು. ಹೊದಿಸಲು ಗರಿ ಬೇಕು. ಮೀನಿಗೆ ನಡುಗಡ್ಡೆಗೆ ಹೋಗಲು ದೋಣಿ ಇಳಿಸುವ ದಂಡೆ ಬೇಕು. ಎರೆಬಕ್ಕೆ ಹಿಂದೆ ಒಂದಿಷ್ಟು ಮರಗೆಣಸಿನ ಹೊಲ ಬೇಕು. ಆ ದಂಡೆಗೆ ಬೇಲಿ ಬಿದ್ದರೆ ಅಜ್ಜಿ ಊಟ ಕೇಳಿದಾಗ ಎಲ್ಲಿ ಬಡಿಸುವುದು? ಬ್ರಾಂಕ್ಸ್‌ನ ಆರನೇ ಮಹಡಿಯಲ್ಲಿ ಆಗುವುದಿಲ್ಲ.

ಹೊಂಡುರಾಸ್‌ನಲ್ಲಿ ಪರಿಸ್ಥಿತಿ ತುಂಬಾ ಕೆಟ್ಟಿದೆ. ಗರಿಫುನಾ ಊರುಗಳ ನೆಲ ಊರಿಗೆಲ್ಲ ಸೇರಿದ್ದು, ಒಬ್ಬರು ಮಾರುವ ಹಾಗಿಲ್ಲ. ಆದರೂ ತಾಳೆ ಎಣ್ಣೆ ತೋಟಗಳು, ಹೋಟೆಲುಗಳು ಒಳಗೆ ಬಂದವು. ಟ್ರಿಯುನ್ಫೊ ದೆ ಲಾ ಕ್ರೂಸ್, ಪುಂತಾ ಪಿಯೆದ್ರಾ ಅನ್ನುವ ಎರಡು ಊರಿನವರು ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯದವರೆಗೆ ಹೋದರು. 2015ರ ಅಕ್ಟೋಬರ್‌ನಲ್ಲಿ ಗೆದ್ದರು. ತೀರ್ಪು ಬಂತು, ನೆಲ ಬರಲಿಲ್ಲ. 2020ರ ಜುಲೈ 18ರಂದು ಟ್ರಿಯುನ್ಫೊದಲ್ಲಿ ಪೊಲೀಸ್ ಬಟ್ಟೆ ತೊಟ್ಟವರು ಬಂದು ನಾಲ್ವರು ಗರಿಫುನಾ ಗಂಡಸರನ್ನು ಎತ್ತಿಕೊಂಡು ಹೋದರು. ಒಬ್ಬರು ಊರಿನ ಸಮಿತಿಯ ಅಧ್ಯಕ್ಷ ಸ್ನೈಡರ್ ಸೆಂತೆನೊ. ಆ ನಾಲ್ವರೂ ಮನೆಗೆ ಬರಲಿಲ್ಲ. ಮಿರಿಯಂ ಮಿರಾಂಡಾ ಮುನ್ನಡೆಸುವ ಒಫ್ರಾನೆ ಅನ್ನುವ ಸಂಘಟನೆ ಅವರ ಹೆಸರು ಹಿಡಿದು ಕೇಳುತ್ತಲೇ ಬಂದಿದೆ. ಮಂಗಳೂರಿನ ಯುವಜನರೇ, ಪ್ರಾರ್ಥನೆ ಕೇಳಿದಿರಿ. ಆ ನಾಲ್ಕು ಮನೆಗಳಿಗಾಗಿ ಪ್ರಾರ್ಥಿಸಿ. ಅಲ್ಲಿಗೆ ಧರ್ಮಪ್ರಚಾರಕರನ್ನು ಕಳಿಸುವ ಮಾತೂ ನಿಮ್ಮ ಪತ್ರದಲ್ಲಿದೆ. ಅದು ಬೇಡ. ಅವರ ಊರುಗಳಲ್ಲಿ ಇಗರ್ಜಿಗೆ ಕೊರತೆ ಇಲ್ಲ.

ಆಸ್ಪತ್ರೆಗೆ ಕೊರತೆ ಇದೆ. ಇದು ನರ್ಸ್ ಆಗಿ ಹೇಳುವ ಮಾತು. ಹೊಂಡುರಾಸ್‌ನ ಸಿರಿಬೋಯಾ ಅನ್ನುವ ಹಳ್ಳಿಯಲ್ಲಿ ಗರಿಫುನಾಗಳೇ ಕಟ್ಟಿದ ಮೊದಲ ಆಸ್ಪತ್ರೆ 2007ರಲ್ಲಿ ಶುರುವಾಯಿತು. ಕ್ಯೂಬಾದಲ್ಲಿ ಓದಿ ಬಂದ ಲೂಥರ್ ಕಾಸ್ತಿಯೋ ಮತ್ತು ಜೊತೆಗಾರ ಡಾಕ್ಟರುಗಳು, ಊರವರು ಸೇರಿ ಕಟ್ಟಿದ್ದು. ದೊಡ್ಡ ಡಾಕ್ಟರ್ ಹಳ್ಳಿಗೆ ಬರಲಿಲ್ಲ ಅಂತ ಕಾಯುತ್ತಾ ಕೂರದೆ ತಮ್ಮ ಮಕ್ಕಳನ್ನೇ ಡಾಕ್ಟರ್ ಮಾಡಿದರು.

ನ್ಯೂಜೆರ್ಸಿಯವರೇ, ನೀವು ದೂರ ಹೋಗುವುದು ಬೇಡ. ಬ್ರಾಂಕ್ಸ್‌ನಲ್ಲೇ ಬಹಳ ಗರಿಫುನಾಗಳಿದ್ದಾರೆ. ನಿಮ್ಮ ಮನೆಯ ವಯಸ್ಸಾದವರನ್ನು ನೋಡಿಕೊಳ್ಳಲು ಬರುವ ಹೆಂಗಸು ಗರಿಫುನಾ ಆಗಿರಬಹುದು, ನೀವು ಕೇಳಿಲ್ಲ ಅಷ್ಟೇ. ಸದರ್ನ್ ಬುಲವಾರ್ಡ್ ರಸ್ತೆಯಲ್ಲಿ 87 ಹೆಸರುಗಳ ಒಂದು ಸ್ಮಾರಕ ಇದೆ. 1990ರ ಮಾರ್ಚ್ 25ರ ರಾತ್ರಿ ಹ್ಯಾಪಿ ಲ್ಯಾಂಡ್ ಅನ್ನುವ ಕುಣಿತದ ಮನೆಗೆ ಒಬ್ಬ ಬೆಂಕಿ ಇಟ್ಟ. ಸತ್ತವರಲ್ಲಿ ತುಂಬ ಜನ ಹೊಂಡುರಾಸ್‌ನ ಗರಿಫುನಾಗಳು. ಒಂದು ದಿನ ಅಲ್ಲಿಗೆ ಹೋಗಿ ಹೆಸರುಗಳನ್ನು ಓದಿ. ಹಳೆ ಬಟ್ಟೆ ಯಾರೂ ಕೇಳುತ್ತಿಲ್ಲ. ಮನೆಗೆ ಬರುವ ಹೆಂಗಸಿಗೆ ಸಕ್ಕರೆ ಕಾಯಿಲೆ ಇದೆಯಾ, ಮಾತ್ರೆ ಕೊಳ್ಳಲು ಆಗುತ್ತಿದೆಯಾ ಕೇಳಿ. ನನ್ನ ಜೊತೆ ಕೆಲಸ ಮಾಡಿದವರಲ್ಲಿ ಬೇರೆಯವರ ಶುಗರ್ ನೋಡುತ್ತಾ ತಮ್ಮದನ್ನು ನೋಡಿಸದವರು ಎಷ್ಟೋ ಜನ. ಮುಖ್ಯವಾಗಿ, ಅವಳು ಊರಿಗೆ ಹೋಗಬೇಕು, ಹಿರಿಯರಿಗೆ ಊಟ ಹಾಕಬೇಕು ಅಂತ ರಜೆ ಕೇಳಿದರೆ ಕೊಡಿ. ಸಂಬಳ ಕಡಿಯದೆ ಕೊಡಿ.

ಗೆಳತಿಯ ಜೊತೆ ಹೋದ ವಾರ ಮಾತಾಡಿದೆ. ದಂಗ್ರಿಗಾದ ದಕ್ಷಿಣಕ್ಕೆ ಅವರ ಅಜ್ಜಿಯ ಒಂದು ತುಂಡು ಜಾಗ ಇದೆ, ಕಡಲಿಗೆ ತಾಗಿ. ಎಡಗಡೆಯ ಜಾಗ ಹೊರಗಿನವರಿಗೆ ಮಾರಾಟವಾಗಿ, ಆಗಲೇ ಕಾಂಕ್ರೀಟ್ ಗೋಡೆ ಎದ್ದಿದೆ. ಇವರದ್ದನ್ನೂ ಕೇಳಿದ್ದಾರೆ. ದೊಡ್ಡಪ್ಪನ ಮಗ ಮಾರೋಣ ಅನ್ನುತ್ತಾನೆ. ಗೆಳತಿ, ಅವಳ ತಂಗಿ, ಚಿಕಾಗೋದ ಚಿಕ್ಕಮ್ಮ ಮೂವರೂ ಸೇರಿ ಅವನ ಪಾಲು ತಾವೇ ಕೊಳ್ಳಲು ಹಣ ಹೊಂದಿಸುತ್ತಿದ್ದಾರೆ. ಅರ್ಧ ಆಗಿದೆ. ಅವಳು ಮತ್ತೆ ವಾರಕ್ಕೆ ಆರು ನೈಟ್ ಡ್ಯೂಟಿ ಮಾಡುತ್ತಿದ್ದಾಳೆ.